ಕಡಲೇ ಇಲ್ಲದ ಬಳ್ಳಾರಿಯಲ್ಲಿ ಕಡಲಾಮೆಯ ಬಗ್ಗೆ ತೊಗಲುಗೊಂಬೆ ಆಟ ಆಡಿಸಿದರೆ ಏನು ಉಪಯೋಗ?

ಖಂಡಿತ ಉಪಯೋಗ ಇದೆ. ನಮ್ಮ ಕಸಕ್ಕೆ ಕಡಲಿನವರೆಗೂ ದಾರಿ ಇದೆ. ಕಂಪ್ಲಿ, ಸಿರುಗುಪ್ಪ ದಾಟಿದ ತುಂಗಭದ್ರೆ ಕೃಷ್ಣೆಯನ್ನು ಸೇರಿ ಬಂಗಾಳಕೊಲ್ಲಿಗೆ ಇಳಿಯುತ್ತದೆ. ಆ ಆಂಧ್ರ ಕರಾವಳಿಯಲ್ಲೇ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡುತ್ತವೆ. ನಡುವಿನ ಅಣೆಕಟ್ಟುಗಳು ಒಂದಷ್ಟು ಕಸ ತಡೆಯುತ್ತವೆ ನಿಜ, ಆದರೆ ನೆರೆ ಬಂದು ಗೇಟು ತೆಗೆದಾಗ ತೇಲುವ ಕವರು ನೀರಿನ ಜೊತೆಗೇ ಹೋಗುತ್ತದೆ.

ತೊಗಲುಗೊಂಬೆಯೇ ಏಕೆ? ಹದ ಮಾಡಿದ ಆ ತೊಗಲಿನಲ್ಲಿ ಬೆಳಕು ಹಾಯುತ್ತದೆ. ಪರದೆಯ ಹಿಂದೆ ದೀಪ ಇಟ್ಟರೆ ಆಮೆಯ ಹೊಟ್ಟೆಯೊಳಗೆ ಏನಿದೆ ಎಂದು ಕಾಣುವಂತೆ ಗೊಂಬೆ ಮಾಡಬಹುದು. ಆಮೆಯ ಸಂಕಟ ಇರುವುದೂ ಅಲ್ಲೇ. ತೇಲುವ ಪ್ಲಾಸ್ಟಿಕ್ ಚೀಲವನ್ನು ಜೆಲ್ಲಿ ಮೀನು ಎಂದುಕೊಂಡು ನುಂಗುತ್ತದೆ. ಅನ್ನನಾಳದ ತುಂಬ ಒಳಮುಖವಾಗಿ ಬಾಗಿದ ಮುಳ್ಳುಗಳಿರುವುದರಿಂದ ನುಂಗಿದ್ದನ್ನು ಹೊರಹಾಕುವುದು ಕಷ್ಟ. ಹೊಟ್ಟೆ ತುಂಬಿದಂತಾಗಿ, ತಿನ್ನುವುದು ಬಿಟ್ಟು ಸೊರಗುತ್ತದೆ. ಇದನ್ನು ಭಾಷಣದಲ್ಲಿ ಹೇಳಿದರೆ ಮಕ್ಕಳಿಗೆ ನಾಟುವುದಿಲ್ಲ, ಕಣ್ಣಿಗೆ ಕಂಡರೆ ನಾಟುತ್ತದೆ.

ಹೊಸ ಕಥೆ ಈ ಪರದೆಗೆ ಒಗ್ಗುವುದೇ ಎಂಬ ಅಳುಕೂ ಬೇಡ. ಬಳ್ಳಾರಿಯ ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟವನ್ನೇ ಗೊಂಬೆಯಾಟವಾಗಿಸಿದ್ದರು. ಆದರೆ ಕಥೆ ಕಡಲಿನಿಂದಲ್ಲ, ನಮ್ಮ ಸಂತೆಯಲ್ಲಿ ಮೆಣಸಿನಕಾಯಿ ಕಟ್ಟಿಕೊಟ್ಟ ಕವರಿನಿಂದಲೇ ಶುರುವಾಗಬೇಕು.