ಓದುಗರ ಪ್ರಶ್ನೆ: ಒಂದೇ ಶಹಾಪುರ, ಪಟ್ಟಿಯಲ್ಲಿ ಮೂರು

ಪ್ರಶ್ನೆ: ತೊಗರಿ ಖರೀದಿ ಲೆಕ್ಕಕ್ಕೆ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದಿದ್ದೇವೆ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ದೊಡ್ಡಕ್ಷರದಲ್ಲಿ, ಇನ್ನೊಬ್ಬರು ಸಣ್ಣಕ್ಷರದಲ್ಲಿ ಹೊಡೆಯುವುದರಿಂದ ಶಹಾಪುರ ಮೂರು ಸಲ ಬರುತ್ತಿದೆ. ಏನು ಮಾಡಬೇಕು?
– ಓದುಗರು, ಯಾದಗಿರಿ

ಉತ್ತರ: ಕಂಪ್ಯೂಟರಿಗೆ ದೊಡ್ಡ ‘ಎ’ ಅಂದರೆ ಸಂಕೇತ ಸಂಖ್ಯೆ 65, ಸಣ್ಣದು 97, ಎರಡೂ ಬೇರೆಯೇ. ಹೋಲಿಸುವ ಮುನ್ನ ಎರಡೂ ಕಡೆಯ ಹೆಸರಿಗೆ ‘ಸ್ಟ್ರಿಪ್’, ಆಮೇಲೆ ಎಲ್ಲವನ್ನೂ ಸಣ್ಣಕ್ಷರಕ್ಕೆ ತರುವ ‘ಕೇಸ್‌ಫೋಲ್ಡ್’ ಹಾಕಿ. ಹುಡುಕುವ ಪದಕ್ಕಷ್ಟೇ ಹಾಕಿ, ಉಳಿಸಿಟ್ಟ ಹೆಸರನ್ನು ಹಾಗೇ ಬಿಟ್ಟರೆ ದೊಡ್ಡಕ್ಷರವಿರುವ ಹೆಸರು ಸಿಗದು. ಮೂರನೇ ಶಹಾಪುರಕ್ಕೆ ಬಹುಶಃ ಕೊನೆಯ ಖಾಲಿ ಜಾಗವೇ ಕಾರಣ. ‘ಸ್ಟ್ರಿಪ್’ ಅದನ್ನು ತೆಗೆಯುತ್ತದೆ. ಸಣ್ಣಕ್ಷರ ಮಾಡುವ ‘ಲೋವರ್’ ಕೂಡ ನಿಮ್ಮ ಕೆಲಸಕ್ಕೆ ಸಾಕು, ಆದರೆ ಜರ್ಮನ್ನಿನ ‘ಎಸ್‌ಜೆಟ್’ ಅಕ್ಷರವನ್ನು ಜೋಡಿ ‘ಎಸ್’ ಮಾಡುವುದು ‘ಕೇಸ್‌ಫೋಲ್ಡ್’ ಮಾತ್ರ.

ಹೊಡೆದ ಹೆಸರನ್ನು ಅಳಿಸಬೇಡಿ, ರಸೀದಿಗೆ ಅದೇ ಬೇಕು. ಹೀಗೆ ಸಣ್ಣಕ್ಷರಕ್ಕೆ ತಂದ ರೂಪಕ್ಕೆ ಬೇರೆ ಕಾಲಂ ಮಾಡಿ, ಊರಿನ ಟೇಬಲ್‌ನಲ್ಲಿ ಅದರ ಮೇಲೆ, ಒಂದೇ ಹೆಸರು ಎರಡು ಸಲ ಸೇರದಂತೆ ತಡೆಯುವ ಯೂನಿಕ್ ಇಂಡೆಕ್ಸ್ ಹಾಕಿ. ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ದೊಡ್ಡ–ಸಣ್ಣ ಭೇದ ಬಿಟ್ಟು ಹೋಲಿಸುವ ‘ನೋಕೇಸ್’ ಇಂಗ್ಲಿಷಿನ 26 ಅಕ್ಷರಗಳಿಗಷ್ಟೇ ನಡೆಯುತ್ತದೆ.

ಕನ್ನಡದಲ್ಲಿ ದೊಡ್ಡ–ಸಣ್ಣ ಅಕ್ಷರದ ಗೋಜಿಲ್ಲ, ಬೇರೆ ಪೇಚಾಟವಿದೆ. ‘ತೊಗರಿ’ಯ ಒತ್ವ ಒಂದೇ ಸಂಕೇತವಾಗಿರಬಹುದು, ಎತ್ವ ಮತ್ತು ಊಕಾರದ ಕೊಂಬು ಸೇರಿ ಎರಡಾಗಿಯೂ ಇರಬಹುದು. ಪರದೆಯ ಮೇಲೆ ಒಂದೇ ಥರ, ಸಂಕೇತ ಎಣಿಸಿದರೆ ಒಂದು 5, ಇನ್ನೊಂದು 6! ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನ ‘ನಾರ್ಮಲೈಸ್’ಗೆ ‘ಎನ್‌ಎಫ್‌ಸಿ’ (ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ರೂಪ) ಕೊಟ್ಟರೆ ಎರಡೂ ಹೊಂದುತ್ತವೆ.

ಒಂದೇ ಊರಿನ ಹಳೆ–ಹೊಸ ಹೆಸರುಗಳಾದ ಗುಲ್ಬರ್ಗಾ–ಕಲಬುರಗಿ ಹೊಂದಿಸಲು ಇದ್ಯಾವುದೂ ನೆರವಾಗದು. ಹಳೆ ಹೆಸರು, ಹೊಸ ಹೆಸರಿನ ಪ್ರತ್ಯೇಕ ಟೇಬಲ್ಲೇ ಬೇಕು.