ಐ7 ಸ್ಟಿಕ್ಕರ್ ಇದ್ದ ಮಾತ್ರಕ್ಕೆ ಗೇಮಿಂಗ್ ಪಿಸಿ ಆಗಲ್ಲ

ಪ್ರಶ್ನೆ: ಮಗ ಇಂಜಿನಿಯರಿಂಗ್ ಸೇರಿದ್ದಾನೆ. ಓದಿಗೂ ಆಗಬೇಕು, ಗೇಮೂ ಆಡಬೇಕು ಅಂತ ಕಂಪ್ಯೂಟರ್ ಕೇಳುತ್ತಿದ್ದಾನೆ. ಫುಲ್ ಎಚ್‌ಡಿ ಮಾನಿಟರ್ ಮನೆಯಲ್ಲೇ ಇದೆ. 50 ಸಾವಿರ ಎತ್ತಿಟ್ಟಿದ್ದೇನೆ. ಆದರೆ ಇಲ್ಲಿನ ಒಂದು ಅಂಗಡಿಯವರು 24 ಸಾವಿರಕ್ಕೇ ಗೇಮಿಂಗ್ ಪಿಸಿ ಕೊಡುತ್ತೇವೆ ಅಂತಾರೆ. ಕೊಟೇಶನ್ ಹೀಗಿದೆ: ಐ7 ಪ್ರೊಸೆಸರ್, ಎಚ್61 ಬೋರ್ಡ್, 16 ಜಿಬಿ ರ್‍ಯಾಮ್, ಜಿಟಿ 730 4 ಜಿಬಿ ಗ್ರಾಫಿಕ್ಸ್ ಕಾರ್ಡ್, 500 ವ್ಯಾಟ್ ಎಸ್‌ಎಂಪಿಎಸ್, ಬಣ್ಣದ ಲೈಟಿನ ಕ್ಯಾಬಿನೆಟ್. ಅರ್ಧ ದುಡ್ಡು ಉಳಿಯುತ್ತಲ್ಲ ಸರ್, ತಗೊಳ್ಳಬಹುದಾ?
– ಓದುಗರು, ಹಾವೇರಿ

ಉತ್ತರ: ಬೇಡ. ಆ ದುಡ್ಡು ಉಳಿಯಲ್ಲ, ಖರ್ಚು ಆರು ತಿಂಗಳು ಮುಂದಕ್ಕೆ ಹೋಗುತ್ತೆ ಅಷ್ಟೇ.

ನಿಮ್ಮ ಕೊಟೇಶನ್‌ನಲ್ಲಿ ನಿಜ ಹೇಳಿರುವುದು ‘ಎಚ್61’ ಅನ್ನೋ ಪದ ಒಂದೇ. ಎಲ್ಲ ಭಾಗಗಳನ್ನೂ ಜೋಡಿಸುವ ಆ ಮದರ್‌ಬೋರ್ಡಿಗೆ ಕೂರುವುದು ಇಂಟೆಲ್‌ನ ಎರಡನೇ, ಮೂರನೇ ತಲೆಮಾರಿನ ಪ್ರೊಸೆಸರ್ ಮಾತ್ರ. ಅಂದರೆ 2011–12ರ ಕಾಲದ ಐ7. ಅದರಲ್ಲಿ ನಾಲ್ಕು ಕೋರ್ (ಕೆಲಸ ಮಾಡುವ ಘಟಕ), ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). 2022ರಲ್ಲಿ ಬಂದ ಐ3 12100ಎಫ್‌ನಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್ಡೇ ಇವೆ, ಆದರೆ ಗೇಮ್‌ನಲ್ಲಿ ಈ ಐ3 ಆ ಹಳೇ ಐ7ಅನ್ನು ಸಲೀಸಾಗಿ ಹಿಂದೆ ಹಾಕುತ್ತೆ. ಇನ್ನೊಂದು ತಲೆನೋವೂ ಇದೆ. ವಿಂಡೋಸ್ 11 ಅಧಿಕೃತವಾಗಿ ಎಂಟನೇ ತಲೆಮಾರಿನಿಂದ ಈಚಿನ ಇಂಟೆಲ್ ಪ್ರೊಸೆಸರ್‌ಗೇ ಸಿಗುವುದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಗ್ರಾಫಿಕ್ಸ್ ಕಾರ್ಡ್ ಕಥೆ ಇನ್ನೂ ಕೆಟ್ಟದು. ಜಿಟಿ 730 ಬಂದದ್ದು 2014ರಲ್ಲಿ, ಆಗಲೂ ಅದು ಗೇಮ್ ಆಡುವ ಕಾರ್ಡ್ ಆಗಿರಲಿಲ್ಲ. ‘4 ಜಿಬಿ’ ಅಂದರೆ ಟ್ಯಾಂಕ್ ದೊಡ್ಡದು ಅಂತಷ್ಟೇ, ಪೈಪು ಎಷ್ಟು ದಪ್ಪ ಅಂತ ಯಾರೂ ಹೇಳಲ್ಲ. ಇದರ ಡಿಡಿಆರ್3 ಮಾದರಿಯಲ್ಲಿ ಸೆಕೆಂಡಿಗೆ 30 ಜಿಬಿಯಷ್ಟು ಡೇಟಾ ಕೂಡ ಹರಿಯಲ್ಲ. ಇವತ್ತಿನ ಬಡವರ ಕಾರ್ಡ್ ಅನ್ನಬಹುದಾದ ಆರ್‌ಎಕ್ಸ್ 6600ರಲ್ಲಿ 224 ಜಿಬಿ ಹರಿಯುತ್ತೆ. ಮಗ ಕೂತು ನೋಡುವಾಗ ಈ ವ್ಯತ್ಯಾಸ ಲೆಕ್ಕ ಹಾಕದೇ ಗೊತ್ತಾಗುತ್ತೆ.

ಹಾಗಾದರೆ 50 ಸಾವಿರವನ್ನು ಹೇಗೆ ಹಂಚಬೇಕು? ಬೆಲೆ ವಾರಕ್ಕೊಮ್ಮೆ ಬದಲಾಗುತ್ತೆ, ಅದಕ್ಕೇ ರೂಪಾಯಿ ಲೆಕ್ಕ ಕೊಡಲ್ಲ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ, ಅರ್ಧದವರೆಗೂ, ಗ್ರಾಫಿಕ್ಸ್ ಕಾರ್ಡಿಗೇ ಇಡಿ. ಮೊದಲು ಆರ್‌ಎಕ್ಸ್ 6600 ಹುಡುಕಿ: 8 ಜಿಬಿ ಮೆಮರಿ, 132 ವ್ಯಾಟ್, ಫುಲ್ ಎಚ್‌ಡಿಗೆ ಸಾಕು. ಆರ್‌ಟಿಎಕ್ಸ್ 3050 ತೋರಿಸಿದರೆ 6 ಜಿಬಿಯದಾ, 8 ಜಿಬಿಯದಾ ಅಂತ ಕೇಳಿ. ಹೆಸರು ಒಂದೇ, ಕಾರ್ಡ್ ಬೇರೆ. 6 ಜಿಬಿಯದರಲ್ಲಿ ಕೋರ್‌ಗಳೂ ಕಡಿಮೆ, ಪೈಪೂ ಸಣ್ಣದು.

ಪ್ರೊಸೆಸರ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ರೈಜನ್ 5 5600 ಸಿಕ್ಕರೆ ತಗೊಳ್ಳಿ, ಆರು ಕೋರ್, ಡಬ್ಬದಲ್ಲೇ ಕೂಲರ್ ಬರುತ್ತೆ. 5500, 5600ಜಿ ಕೂಡ ಅದೇ ಮನೆಯವು, ಆದರೆ ಅವುಗಳ ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮರಿ) ಅರ್ಧ. ದುಡ್ಡು ತೀರಾ ಬಿಗಿ ಅನಿಸಿದರೆ ಐ3 12100ಎಫ್‌ಗೆ ಇಳಿಯಿರಿ, ಗ್ರಾಫಿಕ್ಸ್ ಕಾರ್ಡಿನಲ್ಲಿ ಮಾತ್ರ ಇಳಿಯಬೇಡಿ.

2025ರ ಕೊನೆಯಿಂದ ರ್‍ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ. ಮೆಮರಿ ಚಿಪ್‌ಗಳನ್ನೆಲ್ಲ ಎಐ ಡೇಟಾ ಸೆಂಟರ್‌ಗಳು ನುಂಗುತ್ತಿವೆ. ಆದರೂ 16 ಜಿಬಿ ಬೇಕೇ ಬೇಕು, 8ರ ಎರಡು ಸ್ಟಿಕ್. ಯಾರ ಮನೆಯಲ್ಲಾದರೂ ಹಳೇ ಡೆಸ್ಕ್‌ಟಾಪ್‌ನ ಡಿಡಿಆರ್4 ರ್‍ಯಾಮ್ ಸುಮ್ನೆ ಬಿದ್ದಿದ್ದರೆ ನಾಚಿಕೆ ಬಿಟ್ಟು ಕೇಳಿ ತಗೊಳ್ಳಿ, 5600ರ ಬೋರ್ಡಿಗೆ ಅದೇ ಬೇಕು. ಲ್ಯಾಪ್‌ಟಾಪ್‌ದು ಕೂರಲ್ಲ. ಸ್ಟೋರೇಜ್‌ಗೆ 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಸಾಕು.

ಇನ್ನು ಎಸ್‌ಎಂಪಿಎಸ್, ಅಂದರೆ ಇಡೀ ಪಿಸಿಗೆ ಕರೆಂಟ್ ಹಂಚುವ ಡಬ್ಬ. ಇಲ್ಲಿ ನಾನೇ ಒಮ್ಮೆ ಏಟು ತಿಂದವನು. ಕ್ಯಾಬಿನೆಟ್ ಜೊತೆ ಫ್ರೀ ಬಂದ ‘500 ವ್ಯಾಟ್’ ಡಬ್ಬ ಒಂದು ಮಳೆಗಾಲದ ಸಂಜೆ ಕರೆಂಟ್ ಹೋಗಿ ಬಂದಾಗ ಸುಟ್ಟಿತು. ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ಆಮೇಲೆ ಅದರ ಲೇಬಲ್ ಓದಿದೆ. ನೀವು ಮೊದಲೇ ಓದಿ. ‘+12ವಿ’ ಅನ್ನೋ ಕಡೆ ಎಷ್ಟು ಆಂಪ್ ಇದೆ ನೋಡಿ, 12ರಿಂದ ಗುಣಿಸಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯುವುದು ಅಲ್ಲಿಂದಲೇ. 16 ಆಂಪ್ ಅಂತಿದ್ದರೆ ಅದು 192 ವ್ಯಾಟ್, ಹೊರಗೆ 500 ಅಂತ ಬರೆದಿದ್ದರೂ ಅಷ್ಟೇ. ಹೆಸರಿರುವ ಕಂಪನಿಯ 550 ವ್ಯಾಟ್, ‘80 ಪ್ಲಸ್ ಬ್ರಾಂಜ್’ (ಕರೆಂಟ್ ಪೋಲು ಕಡಿಮೆ ಅನ್ನೋ ಪ್ರಮಾಣಪತ್ರ) ಇರುವುದು ತಗೊಳ್ಳಿ. ಬಣ್ಣದ ಲೈಟ್ ಬೇಕು ಅಂತ ಮಗ ಹಟ ಹಿಡಿದರೆ ಮುಂದಿನ ವರ್ಷ ಫ್ಯಾನ್ ಹಾಕಿಸಿಕೊಳ್ಳಲಿ.

ಹಾಗೆಯೇ ಮನೆಯ ಅರ್ಥಿಂಗ್ ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ ಅಂತ ಬರೆಯುವವರು ತುಂಬಾ ಜನ. ಮೂರು ಪಿನ್ನಿನ ಪ್ಲಗ್ ಇರುತ್ತೆ, ಗೋಡೆಯೊಳಗೆ ಮೂರನೇ ತಂತಿಯೇ ಇರಲ್ಲ!

ಬೆಂಗಳೂರಿಗೆ ಬರುವುದಾದರೆ ಎಸ್‌ಪಿ ರೋಡ್‌ನಲ್ಲಿ ನಾಲ್ಕು ಅಂಗಡಿ ಸುತ್ತಿ. ಜಿಎಸ್‌ಟಿ ಬಿಲ್ ಬೇಡ ಅಂದರೆ ಕಡಿಮೆ ಮಾಡ್ತೀವಿ ಅಂತಾರೆ. ಒಪ್ಪಬೇಡಿ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರಲಿ, ನಾಳೆ ವಾರಂಟಿ ಕೇಳುವಾಗ ಅದೇ ಆಧಾರ.

ಪ್ರಶ್ನೆ: ಆರ್‌ಎಕ್ಸ್ 580 8 ಜಿಬಿ ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಗುತ್ತಿದೆ. ಮೈನಿಂಗ್‌ಗೆ ಬಳಸಿದ್ದಂತೆ. ತಗೊಳ್ಳಲಾ?
– ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಅನ್ನೋ ಕ್ರಿಪ್ಟೋ ಕರೆನ್ಸಿ ಗ್ರಾಫಿಕ್ಸ್ ಕಾರ್ಡಿನ ಮೈನಿಂಗ್ (ಕಾರ್ಡ್ ಓಡಿಸಿ ಆ ಕರೆನ್ಸಿ ಗಳಿಸುವುದು) ನಿಲ್ಲಿಸಿದ ಮೇಲೆ ಇಂಥ ಕಾರ್ಡ್‌ಗಳು ರಾಶಿ ರಾಶಿ ಬಂದವು. ಮೈನಿಂಗ್ ಮಾಡಿದ್ದೇ ದೊಡ್ಡ ದೋಷವಲ್ಲ. ಫ್ಯಾನ್ ಸವೆದಿರುತ್ತೆ, ಥರ್ಮಲ್ ಪೇಸ್ಟ್ ಒಣಗಿರುತ್ತೆ, ಎರಡೂ ಬದಲಿಸಬಹುದು. ನನ್ನ ಅನುಮಾನ ಬೇರೆ. ‘580 2048ಎಸ್‌ಪಿ’ ಅಂತ ಒಂದು ಮಾದರಿ ಇದೆ. ಅದರೊಳಗಿರುವುದು ಕೆಳಗಿನ ದರ್ಜೆಯ ಆರ್‌ಎಕ್ಸ್ 570ರ ಕೋರ್ ಎಣಿಕೆ. ಅಸಲಿ 580ರಲ್ಲಿ 2304 ಶೇಡರ್ (ಅಂದರೆ ಗ್ರಾಫಿಕ್ಸ್ ಕೋರ್) ಇರಬೇಕು. ಜಿಪಿಯು-ಝಡ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ನಿಮ್ಮ ಕಣ್ಣೆದುರೇ ತೋರಿಸಲಿ. ಜೊತೆಗೆ ಅರ್ಧ ಗಂಟೆ ಗೇಮ್ ಓಡಿಸಿ ತೋರಿಸಲಿ. ‘ಟೈಮ್ ಇಲ್ಲ ಬಾಸ್’ ಅಂದರೆ ನಿಮಗೂ ಟೈಮ್ ಇಲ್ಲ ಅನ್ನಿ. ಇದು 2017ರ ಕಾರ್ಡ್, 185 ವ್ಯಾಟ್ ಎಳೆಯುತ್ತೆ ಅನ್ನೋದೂ ನೆನಪಿರಲಿ. ಇನ್ನಷ್ಟು ದುಡ್ಡು ಸೇರಿಸಿ 6600 ತಗೊಳ್ಳಲು ಆಗುತ್ತೆ ಅಂದರೆ ಎರಡು ತಿಂಗಳು ಕಾಯಿರಿ.

ಪ್ರಶ್ನೆ: ರೈಜನ್ 5600ಜಿ, ಆರ್‌ಟಿಎಕ್ಸ್ 3050 ಹಾಕಿ ಹೊಸ ಪಿಸಿ ಮಾಡಿಸಿದೆ. ಆದರೂ ಗೇಮ್ ಎಳೆದಾಡುತ್ತಿದೆ. ಕಾರ್ಡ್ ಡೂಪ್ಲಿಕೇಟಾ?
– ಓದುಗರು, ಮೈಸೂರು

ಉತ್ತರ: ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮೊದಲು ಪಿಸಿಯ ಹಿಂದೆ ಬಗ್ಗಿ ನೋಡಿ. ಎಚ್‌ಡಿಎಂಐ ಕೇಬಲ್ ಎಲ್ಲಿ ಚುಚ್ಚಿದ್ದೀರಿ? ಮೇಲೆ, ಯುಎಸ್‌ಬಿ ಪೋರ್ಟ್‌ಗಳ ಪಕ್ಕದಲ್ಲಿ ಇದ್ದರೆ ಅದು ಮದರ್‌ಬೋರ್ಡಿನದು. 5600ಜಿ ಒಳಗೇ ಸಣ್ಣ ಗ್ರಾಫಿಕ್ಸ್ ಇರುವುದರಿಂದ ಅಲ್ಲಿ ಚುಚ್ಚಿದರೂ ಚಿತ್ರ ಬರುತ್ತೆ, ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ಕೇಬಲ್ ಕಿತ್ತು ಕೆಳಗೆ ಅಡ್ಡಡ್ಡ ಇರುವ ಗ್ರಾಫಿಕ್ಸ್ ಕಾರ್ಡಿನ ಪೋರ್ಟ್‌ಗೆ ಹಾಕಿ. ಆಮೇಲೂ ಎಳೆದಾಡಿದರೆ ಬಯಾಸ್‌ಗೆ (ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ಹೋಗಿ ಎಕ್ಸ್‌ಎಂಪಿ (ರ್‍ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಆಗಿದೆಯಾ ನೋಡಿ. ಅದು ಆಫ್ ಇದ್ದರೆ 3200ರ ರ್‍ಯಾಮ್ ಕೂಡ ಸಾಮಾನ್ಯವಾಗಿ 2133 ಅಥವಾ 2400ರಲ್ಲೇ ಕುಂಟುತ್ತಿರುತ್ತೆ.