ಮೊಳೆ ಹೊಡೆಯದೆ ದೀಪಾವಳಿ ಅಲಂಕಾರ

ತುಮಕೂರಲ್ಲಿ ಬಾಡಿಗೆ ಮನೆ, ಮೊಳೆ ಹೊಡೆಯೋ ಹಾಗಿಲ್ಲ, ದೀಪಾವಳಿಗೆ ಕಡಿಮೆ ಖರ್ಚಲ್ಲಿ ಏನು ಮಾಡಬಹುದು ಅಂತ ಕೇಳಿದ್ದೀರಿ. ತೆಂಗಿನ ಸೀಮೆಯಲ್ಲಿದ್ದುಕೊಂಡು ಪ್ಲಾಸ್ಟಿಕ್ ತೋರಣ ಯಾಕೆ ಅಲ್ವಾ?

ಮಾವಿನ ಎಲೆಯನ್ನು ತೊಟ್ಟಿನ ಕಡೆಯಿಂದ ದಾರದ ಮೇಲೆ ಮಡಚಿ, ತೆಂಗಿನ ಗರಿಯ ಕಡ್ಡಿಯ ಚೂರು ಚುಚ್ಚಿ. ಪಿನ್ನೂ ಬೇಡ. ನಡುನಡುವೆ ಚೆಂಡುಹೂ ಪೋಣಿಸಿ, ಕಿಟಕಿ ಸರಳಿಗೆ ಕಟ್ಟಿ.

ನನಗೆ ಜಾಸ್ತಿ ಇಷ್ಟ ತೆಂಗಿನ ಚಿಪ್ಪು. ಸುಮ್ನೆ ಎಸೆಯಬೇಡಿ. ಕಣ್ಣಿಲ್ಲದ ಅರ್ಧ ತಗೊಳ್ಳಿ, ನೀರು ಸೋರುವುದಿಲ್ಲ. ಮೇಲಿನ ನಾರು ಕೆರೆದು, ಕೊಬ್ಬರಿ ಎಣ್ಣೆ ಒರೆಸಿದರೆ ಕಪ್ಪಗೆ ಮಿರಮಿರ ಮಿಂಚುತ್ತದೆ. ಉರುಳದಂತೆ ಹಳೇ ಬಳೆಯ ಮೇಲೆ ಕೂರಿಸಿ, ನೀರು ತುಂಬಿ ಸೇವಂತಿಗೆ ತೇಲಿಬಿಡಿ. ದೀಪ ಮಾತ್ರ ಅದರೊಳಗೆ ಬೇಡ, ಚಿಪ್ಪಿಗೆ ಬೇಗ ಬೆಂಕಿ ಹತ್ತುತ್ತದೆ. ಮಣ್ಣಿನ ಹಣತೆಯನ್ನು ಪಕ್ಕದಲ್ಲಿ, ಸ್ವಲ್ಪ ದೂರ ಇಡಿ.